ಚಿನ್ನದ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ

ಕನ್ನಡ ನಾಡಿಗೂ ಚಿನ್ನಕ್ಕೂ ಇರುವ ನಂಟು ಬಹು ಪುರಾತನವಾದುದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಪೂರ್ವಿಕರು ನೂರಾರು ಅಡಿ ಆಳಕ್ಕೆ ಇಳಿದು, ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆದು, ಹೊನ್ನನ್ನು ತೆಗೆದ ಕುರುಹುಗಳು ದೊರೆತಿವೆ. ಅಶೋಕ ಚಕ್ರವರ್ತಿಯ ಕಾಲದಲ್ಲಿ ದಕ್ಷಿಣದ ಆಡಳಿತ ಕೇಂದ್ರಕ್ಕೆ ಸುವರ್ಣಗಿರಿ ಎಂದೇ ಹೆಸರಿತ್ತೆಂಬುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಿಂದ ತಿಳಿದುಬರುತ್ತದೆ. ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಹೊನ್ನನ್ನು ಅರಸಿ ಹೊರಟವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು.

ಚಿನ್ನವಿದ್ದಲ್ಲಿ ಬೆರಕೆಯೂ ಇದ್ದೇ ಇರುತ್ತದೆ. ಬೆರಕೆಯಿದ್ದಲ್ಲಿ ಪರೀಕ್ಷೆಯೂ ಬೇಕಾಗುತ್ತದೆ. ಆಭರಣದಲ್ಲಿರುವ ಚಿನ್ನ ನಿಜವೋ ಅಲ್ಲವೋ ಎಂಬುದನ್ನು ನಮ್ಮವರು ಯಾವ ಯಾವ ಕಾಲದಲ್ಲಿ ಹೇಗೆ ಹೇಗೆ ಕಂಡುಕೊಂಡರು, ಆ ಪರೀಕ್ಷೆಯ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿಚಾರಮಾಡೋಣ. ಈ ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತ ಮುಖ್ಯವಾದುದೆಂಬುದು ಮುಂದೆ ವಾಚಕರಿಗೇ ಮನದಟ್ಟಾಗುವುದು.

ಬೆರಕೆಯೆಲ್ಲವೂ ಮೋಸವಲ್ಲ

ಅಪರಂಜಿ ಚಿನ್ನ ಮೃದುವಾದ ಲೋಹ. ಅದರಿಂದಲೇ ಬಳೆ ಮಾಡಿದರೆ ಬಾಗುತ್ತದೆ, ಸರ ಮಾಡಿದರೆ ಕೊಂಡಿ ಸವೆಯುತ್ತದೆ. ಆದುದರಿಂದ ಅಕ್ಕಸಾಲಿಗನು ಅದಕ್ಕೆ ಸ್ವಲ್ಪ ತಾಮ್ರವನ್ನೋ ಬೆಳ್ಳಿಯನ್ನೋ ಸೇರಿಸಲೇಬೇಕು. ಇದು ಕಸುಬಿನ ಧರ್ಮವೇ ಹೊರತು ವಂಚನೆಯಲ್ಲ. ಎಷ್ಟು ಸೇರಿಸಿದನೆಂಬುದನ್ನು ಮರೆಮಾಚಿದಾಗ ಮಾತ್ರ ಅದು ವಂಚನೆಯಾಗುತ್ತದೆ. ಎಂದಮೇಲೆ ಪರೀಕ್ಷಕನ ಮುಂದಿರುವ ಪ್ರಶ್ನೆ ಇದು ಚಿನ್ನವೇ ಎಂಬುದಷ್ಟೇ ಅಲ್ಲ. ಇದರಲ್ಲಿ ಚಿನ್ನವೆಷ್ಟು ಎಂಬುದು.

ಈ ‘ಎಷ್ಟು’ ಎಂಬುದನ್ನು ಅಳೆಯಲು ಪ್ರಾಚೀನರು ಬಣ್ಣವನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರು. ಅಪ್ಪಟ ಚಿನ್ನ ಹದಿನಾರು ಬಣ್ಣದ್ದು. ಷೋಡಶವರ್ಣದ ಸುವರ್ಣವೆಂದು ಅದಕ್ಕೆ ಹೆಸರು. ಈಗಿನ ಲೆಕ್ಕದಲ್ಲಿ ಅಪ್ಪಟ ಚಿನ್ನ 24 ಕ್ಯಾರಟ್. ಆದ್ದರಿಂದ ಒಂದು ಬಣ್ಣವೆಂದರೆ ಒಂದೂವರೆ ಕ್ಯಾರಟ್ ಆಗುತ್ತದೆ. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ 22 ಕ್ಯಾರಟ್ ಚಿನ್ನವನ್ನು ಹಳಬರು ಹದಿನಾಲ್ಕೂವರೆ ಬಣ್ಣಕ್ಕಿಂತ ತುಸು ಮೇಲೆ ಎನ್ನುತ್ತಿದ್ದರು. ಸಾವಿರಕ್ಕೆ 916 ಪಾಲು ಚಿನ್ನವೆಂಬುದೂ ಇದನ್ನೇ. ಎಂಟು ಗ್ರಾಂ ತೂಕದ 22 ಕ್ಯಾರಟ್ ಒಡವೆಯಲ್ಲಿ ಅಪ್ಪಟ ಚಿನ್ನ 7.33 ಗ್ರಾಂ ಇರುತ್ತದೆ. ಅಷ್ಟೇ ತೂಕದ 18 ಕ್ಯಾರಟ್ ಒಡವೆಯಲ್ಲಿ 6 ಗ್ರಾಂ ಮಾತ್ರ. ತಕ್ಕಡಿಯಲ್ಲಿ ಎರಡೂ ಸಮ. ಮೇಲೆ ಮೆರುಗು ಕೊಟ್ಟರೆ ಕಣ್ಣಿಗೂ ಬಹುಮಟ್ಟಿಗೆ ಸಮ.

ಕೌಟಿಲ್ಯನ ಒರೆಗಲ್ಲು

ಚಿನ್ನದ ಪರೀಕ್ಷೆಯನ್ನು ಕುರಿತು ನಮ್ಮ ದೇಶದಲ್ಲಿ ದೊರೆಯುವ ಅತ್ಯಂತ ವಿವರವಾದ ಪ್ರಾಚೀನ ಬರಹ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಈ ಗ್ರಂಥವನ್ನು ಲೋಕಕ್ಕೆ ಮರಳಿ ಕೊಟ್ಟ ಕೀರ್ತಿ ಮೈಸೂರಿನದು. ನಮ್ಮ ಪಿರಿಯಾಪಟ್ಟಣದ ಸೀಮೆಗೆ ಸಮೀಪವಾದ ಕಾವೇರೀ ತೀರದ ರುದ್ರಪಟ್ಟಣದವರಾದ ಪಂಡಿತ ಆರ್. ಶಾಮಾಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಇದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ ಪ್ರಕಟಿಸಿದರು. ಅಲ್ಲಿಯವರೆಗೆ ಪಂಡಿತರಿಗೆ ಈ ಗ್ರಂಥದ ಹೆಸರು ಮಾತ್ರ ತಿಳಿದಿತ್ತು.

ಕೌಟಿಲ್ಯನ ಪ್ರಕಾರ ರಾಜನ ಅಕ್ಷಶಾಲೆಗೆ, ಅಂದರೆ ಚಿನ್ನ ಬೆಳ್ಳಿಗಳ ಕಾರ್ಯಾಗಾರಕ್ಕೆ, ಒಂದೇ ಬಾಗಿಲಿರಬೇಕು. ಒಳಗಿನ ನಾಲ್ಕು ಶಾಲೆಗಳಿಗೆ ಪರಸ್ಪರ ಸಂಪರ್ಕವಿರಬಾರದು. ಕೆಲಸಗಾರರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವರ ಬಟ್ಟೆಬರೆಗಳನ್ನು ಶೋಧಿಸಬೇಕು. ಪೇಟೆಯ ನಡುವೆ ಕುಳಿತು ಜನರ ಚಿನ್ನದ ವ್ಯವಹಾರವನ್ನು ನೋಡಿಕೊಳ್ಳುವ ಅಧಿಕಾರಿ ಕುಶಲಿಯೂ ಕುಲೀನನೂ ನಂಬಿಕೆಗೆ ಅರ್ಹನೂ ಆಗಿರಬೇಕು. ಕೈಯ ಕೌಶಲವೊಂದೇ ಸಾಲದು, ನಂಬಿಕೆಯೂ ಬೇಕು ಎಂಬುದನ್ನು ಆತ ಆಗಲೇ ಮನಗಂಡಿದ್ದನು.

ಒಳ್ಳೆಯ ಚಿನ್ನಕ್ಕೆ ಕೌಟಿಲ್ಯನು ಕೊಡುವ ಲಕ್ಷಣಗಳು ಇವು: ಕಮಲದ ಕೇಸರದ ಬಣ್ಣ, ಮೃದುತ್ವ, ನುಣುಪು, ಹೊಳಪು, ಬಡಿದರೆ ಝಣತ್ಕಾರ ಮಾಡಬಾರದು. ಒರೆಗಲ್ಲುಗಳಲ್ಲಿ ಕಳಿಂಗದ ಅಥವಾ ತಾಪೀನದಿಯ, ಹೆಸರುಕಾಳಿನ ಬಣ್ಣದ ಕಲ್ಲು ಶ್ರೇಷ್ಠ. ಉಬ್ಬುತಗ್ಗಿಲ್ಲದ ಜಾಗದಲ್ಲಿ ಉಜ್ಜಿದ ಗೆರೆ ಒಂದೇ ಸಮನಾದ ಬಣ್ಣ ತೋರಿದರೆ ಅದು ಸರಿಯಾದ ಒರೆ. ಗೆರೆಯನ್ನು ಅತಿಯಾಗಿ ತಿಕ್ಕಿದ್ದರೂ, ತೀರ ತೇಲಿಸಿ ಎಳೆದಿದ್ದರೂ, ಉಗುರಿನ ಸಂದಿಯಲ್ಲಿ ಅಡಗಿಸಿಕೊಂಡ ಕಾವಿಯ ಪುಡಿಯನ್ನು ಅದರ ಮೇಲೆ ಉದುರಿಸಿದ್ದರೂ ಅಲ್ಲಿ ಮೋಸವಿದೆಯೆಂದು ತಿಳಿಯಬೇಕು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಆ ಪರೀಕ್ಷಕನ ಉಗುರು ಇಂದಿಗೂ ನಮ್ಮ ಕಣ್ಣಿಗೆ ಕಟ್ಟುವಂತಿದೆ.

ಇನ್ನೊಂದು ಮಾತು ಇದಕ್ಕಿಂತಲೂ ಸ್ವಾರಸ್ಯಕರವಾಗಿದೆ. ಆನೆಯ ತೊಗಲಿನ ಬಣ್ಣದ, ಹಸುರು ಛಾಯೆಯ, ಬಣ್ಣವನ್ನು ಎತ್ತಿ ತೋರಿಸುವ ಕಲ್ಲು ಮಾರುವವನಿಗೆ ಅನುಕೂಲ. ಗಟ್ಟಿಯಾದ, ಒರಟಾದ, ಬಣ್ಣವನ್ನು ಎತ್ತಿ ತೋರಿಸದ ಕಲ್ಲು ಕೊಳ್ಳುವವನಿಗೆ ಅನುಕೂಲ. ಚಿನ್ನ ಒಂದೇ ಆದರೂ ಕಲ್ಲು ಬದಲಾದರೆ ತೀರ್ಪು ಬದಲಾಗುತ್ತದೆ. ಹೀಗಿರುವಾಗ ಚಿನ್ನವನ್ನು ಒರೆಗೆ ಹಚ್ಚುವ ಮೊದಲು ಒರೆಗಲ್ಲು ಯಾರ ಕೈಯಲ್ಲಿದೆ ಎಂದು ಕೇಳುವುದು ನ್ಯಾಯವೇ ಆಗಿದೆ.

ಗದ್ಯಾಣದಿಂದ ಕಂಠೀರವ ಪಣದವರೆಗೆ

ಈ ಪ್ರಶ್ನೆಗೆ ನಮ್ಮ ಅರಸರು ಕೊಟ್ಟ ಉತ್ತರ ನಾಣ್ಯ. ನಾಣ್ಯವೆಂದರೆ ಒಮ್ಮೆ ಪರೀಕ್ಷೆಯಾಗಿ ಮುದ್ರೆ ಬಿದ್ದ ಚಿನ್ನ. ಕೊಳ್ಳುವವನ ಪರವಾಗಿ ಅರಸನೇ ಸಾಕ್ಷಿ ನುಡಿದಂತೆ. ನಮ್ಮ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ಹೇರಳವಾಗಿ ಬರುತ್ತದೆ. ಅನೇಕ ಕಡೆ ಬರಿದೆ ಗದ್ಯಾಣವೆಂದು ಹೇಳದೆ, ‘ಲೊಕ್ಕಿ ಗದ್ಯಾಣ’ವೆಂದು ವಿಶೇಷಿಸಿ ಹೇಳಿರುವುದುಂಟು. ಲೊಕ್ಕಿಗುಂಡಿ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ; ಅಲ್ಲಿ ಟಂಕಸಾಲೆಯಿದ್ದಿತು. ದತ್ತಿ ಬಿಡುವವನು ಯಾವ ಕಮ್ಮಟದ ಗದ್ಯಾಣವೆಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದುದು ಏಕೆ? ತೂಕವೂ ಬಣ್ಣವೂ ಕಮ್ಮಟದಿಂದ ಕಮ್ಮಟಕ್ಕೆ ಬೇರೆಯಾಗುತ್ತಿದ್ದುದೇ ಅದಕ್ಕೆ ಕಾರಣ. ಇಂದು ನಾವು ಬಿಲ್ಲಿನಲ್ಲಿ ಕ್ಯಾರಟ್ ಬರೆಯಿಸಿಕೊಳ್ಳುವಂತೆ ಅಂದು ಅವರು ಶಾಸನದಲ್ಲಿ ಕಮ್ಮಟದ ಹೆಸರನ್ನು ಬರೆಯಿಸಿಕೊಂಡರು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ತನ್ನ ಮಾನಸೋಲ್ಲಾಸದಲ್ಲಿ ರಾಜನ ಬೊಕ್ಕಸದ ವಿಷಯಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದೇವಗಿರಿ, ದೋರಸಮುದ್ರ ಮುಂತಾದ ದಕ್ಷಿಣದ ರಾಜಧಾನಿಗಳ ಐಶ್ವರ್ಯ ದೆಹಲಿಗೆ ಸಾಗಿತು. ಅದೇ ಕಾಲಘಟ್ಟದಲ್ಲಿ, 1318ರಲ್ಲಿ, ದೆಹಲಿಯ ಟಂಕಸಾಲೆಯಲ್ಲಿ ದುಡಿದ ಠಕ್ಕುರ ಫೇರು ಎಂಬ ಜೈನ ವಿದ್ವಾಂಸನು ‘ದ್ರವ್ಯಪರೀಕ್ಷಾ’ ಎಂಬ ಪ್ರಾಕೃತ ಗ್ರಂಥವನ್ನು ರಚಿಸಿದನು. ನಾನಾ ರಾಜ್ಯಗಳ ನಾಣ್ಯಗಳಲ್ಲಿ ಅಪ್ಪಟ ಲೋಹವೆಷ್ಟೆಂದು ಲೆಕ್ಕ ಹೇಳುವ ಗ್ರಂಥವದು.

ನಮ್ಮ ಮೈಸೂರು ಸೀಮೆಯಲ್ಲಿ ಕಂಠೀರವ ನರಸರಾಜ ಒಡೆಯರು (1638–1659) ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ನಡೆಸಿ, ನರಸಿಂಹ ಮೂರ್ತಿಯ ಮುದ್ರೆಯಿರುವ ಚಿನ್ನದ ಪಣಗಳನ್ನು ಹೊರಡಿಸಿದರು. ಒಂದೊಂದು ಪಣವೂ ಅರ್ಧ ಗ್ರಾಮಿಗಿಂತ ಕಡಿಮೆ ತೂಕದ್ದು. ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಚಿಕ್ಕದು. ಹತ್ತು ಪಣಕ್ಕೆ ಒಂದು ಕಂಠೀರಾಯಿ ವರಹವೆಂಬ ಲೆಕ್ಕವಿತ್ತು. ಆ ವರಹವಾದರೋ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದಿತೇ ಹೊರತು ನಾಣ್ಯವಾಗಿ ಅಚ್ಚಾಗಲಿಲ್ಲ. ಆ ಅರಸರು ಗತಿಸಿ ಬಹುಕಾಲವಾದ ಮೇಲೂ ಜನರು ಆ ಪಣದ ಲೆಕ್ಕದಲ್ಲಿಯೇ ಕೊಡುಕೊಳ್ಳುವುದು ನಡೆಸಿದರು. ಕೇವಲ ಒಂದು ಮುದ್ರೆಯ ಮೇಲೆ ಜನ ಇಟ್ಟ ನಂಬಿಕೆ ಅಷ್ಟು ದೀರ್ಘವಾಗಿ ಉಳಿಯಿತು.

ಆದರೆ ಮುದ್ರೆಯ ರಕ್ಷಣೆ ನಾಣ್ಯಕ್ಕೆ ಮಾತ್ರ ಇತ್ತು, ಒಡವೆಗೆ ಇರಲಿಲ್ಲ. ನಾಣ್ಯ ಕರಗಿ ಓಲೆಯಾದ ಕ್ಷಣದಲ್ಲಿ ಅರಸನ ಸಾಕ್ಷಿ ಅಳಿಸಿಹೋಗುತ್ತಿತ್ತು. ಅನಂತರ ಉಳಿಯುತ್ತಿದ್ದುದು ಅಕ್ಕಸಾಲಿಗನ ಮಾತೊಂದೇ.

ಅಕ್ಕಸಾಲಿಗನ ಮಾನ

ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡನೆಂಬ ಗಾದೆ ನಮ್ಮಲ್ಲಿ ಪ್ರಚಲಿತವಾಗಿದೆ. ಇದು ಸಮಸ್ತ ಕಸುಬುದಾರರಿಗೆ ಅಂಟಿಸಿದ ಅನ್ಯಾಯದ ಅಪವಾದವೆಂದೇ ನಾವು ತಿಳಿಯುತ್ತೇವೆ. ಗಾದೆ ಹುಟ್ಟಿದುದು ಅಕ್ಕಸಾಲಿಗನ ಗುಣದಿಂದಲ್ಲ, ಕೊಳ್ಳುವವನ ಅಸಹಾಯಕತೆಯಿಂದ. ತನಗೆ ತಿಳಿಯದ ವಿದ್ಯೆಯನ್ನು ಮನುಷ್ಯನು ಸಂಶಯದಿಂದ ನೋಡುತ್ತಾನೆ.

ಶರಣರ ಪರಂಪರೆಯನ್ನು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಮಹಾಲಿಂಗ ತ್ರಿಪುರಾಂತಕ ಅಂಕಿತದ ಕಿನ್ನರಿ ಬ್ರಹ್ಮಯ್ಯನು ಮೂಲತಃ ಅಕ್ಕಸಾಲೆಯ ಕಾಯಕದವನೆಂದು ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಆಕೆಯ ವೈರಾಗ್ಯವನ್ನು ಪರೀಕ್ಷಿಸಿ, ಆಕೆಯ ನಿಲವನ್ನು ಕಂಡು ಶರಣಾದವನೂ ಅವನೇ. ಒರೆಗೆ ಹಚ್ಚುವುದನ್ನು ಬಲ್ಲವನೇ ಅಲ್ಲಿಯೂ ಪರೀಕ್ಷಕನಾದುದು ಅರ್ಥಪೂರ್ಣವಾಗಿದೆ. ಅಂತೆಯೇ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮೇಲೆ ಹಣದ ದುರುಪಯೋಗದ ದೂರು ಬಂದು, ಲೆಕ್ಕ ನೋಡಿದಾಗ ಭಂಡಾರದಲ್ಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂಬ ಪುರಾಣಪ್ರಸಿದ್ಧವಾದ ಕಥೆಯನ್ನು ನಮ್ಮ ವಾಚಕರು ಬಲ್ಲರು. ಬಸವಣ್ಣನವರು ಲೆಕ್ಕಕ್ಕೆ ಅಂಜಲಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳುವುದು ಪ್ರಾಮಾಣಿಕನಿಗೆ ಅವಮಾನವಲ್ಲ. ಅವನ ಮಾನವನ್ನು ಉಳಿಸುವ ಸಾಧನವೇ ಅದು.

ಕಲ್ಲು, ನೀರು, ಬೆಂಕಿ

ಪರೀಕ್ಷೆಯ ವಿಧಾನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು ಕಲ್ಲು. ಒಡವೆಯನ್ನು ಕಪ್ಪು ಒರೆಗಲ್ಲಿನ ಮೇಲೆ ಉಜ್ಜಿ, ಅದರ ಪಕ್ಕದಲ್ಲಿಯೇ ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯನ್ನು ಉಜ್ಜಿ, ಎರಡು ಗೆರೆಗಳನ್ನು ಹೋಲಿಸಿ ನೋಡುತ್ತಾರೆ. ಬಳಿಕ ಗೆರೆಯ ಮೇಲೆ ನೈಟ್ರಿಕ್ ಆಮ್ಲವನ್ನು ಸವರುತ್ತಾರೆ. ತಾಮ್ರ ಬೆಳ್ಳಿಗಳು ಅದರಲ್ಲಿ ಕರಗುತ್ತವೆ, ಚಿನ್ನ ಕರಗುವುದಿಲ್ಲ. ಹಿತ್ತಾಳೆಯ ಗೆರೆ ಕ್ಷಣದಲ್ಲಿ ಮಾಯವಾಗುತ್ತದೆ. ಒಡವೆಗೆ ಹೆಚ್ಚು ನಷ್ಟವಾಗದ ಈ ವಿಧಾನವನ್ನು ಚಿನಿವಾರರು ಶತಮಾನಗಳಿಂದ ಬಳಸಿದ್ದಾರೆ. ಆದರೆ ಕಲ್ಲಿಗೆ ಗೊತ್ತಾಗುವುದು ಮೇಲ್ಮೈ ಮಾತ್ರ. ಒಳಗೆ ಬೇರೆ ಲೋಹವಿದ್ದು ಮೇಲೆ ದಪ್ಪನಾದ ಚಿನ್ನದ ಲೇಪವಿದ್ದರೆ, ಅರ ಹಾಕಿ ಕೊರೆದು ನೋಡದ ಹೊರತು ಕಲ್ಲು ನಿಜವನ್ನು ಹೇಳದು.

ಎರಡನೆಯದು ನೀರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸಿನ ದೊರೆ ಹೈರೋನನ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಎಂಬುದನ್ನು ಆರ್ಕಿಮಿಡೀಸನು ನೀರಿನಿಂದ ಪತ್ತೆ ಹಚ್ಚಿದ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಚಿನ್ನ ನೀರಿಗಿಂತ 19.3 ಪಾಲು ಭಾರ, ಬೆಳ್ಳಿ 10.5 ಪಾಲು, ತಾಮ್ರ ಸುಮಾರು 9 ಪಾಲು. ಆದುದರಿಂದ ಬೆರಕೆ ಹೆಚ್ಚಿದಷ್ಟೂ ಅದೇ ತೂಕದ ಒಡವೆ ಹೆಚ್ಚು ನೀರನ್ನು ಸರಿಸುತ್ತದೆ. ಘನವಾದ ಬಳೆಗೆ ಈ ವಿಧಾನ ಚೆನ್ನಾಗಿ ಸಲ್ಲುತ್ತದೆ. ಅರಗು ತುಂಬಿದ ಗುಂಡುಗಳಿಗೆ, ಹರಳು ಕೂಡಿಸಿದ ಓಲೆಗೆ, ಟೊಳ್ಳಾದ ಸರಕ್ಕೆ ಸಲ್ಲದು. ಟಂಗ್‌ಸ್ಟನ್ ಎಂಬ ಲೋಹ ಚಿನ್ನದಷ್ಟೇ ಭಾರವಾದುದರಿಂದ ಅದನ್ನು ಒಳಗಿಟ್ಟು ಮಾಡಿದ ಮೋಸವನ್ನು ನೀರು ಕಂಡುಹಿಡಿಯಲಾರದು.

ಮೂರನೆಯದು ಬೆಂಕಿ. ಪುಟಕ್ಕಿಟ್ಟ ಚಿನ್ನವೆಂಬ ನಮ್ಮ ಮಾತಿನ ಹಿಂದಿರುವುದು ಇದೇ. ಒಡವೆಯ ಸಣ್ಣ ಚೂರನ್ನು ತೂಗಿ, ಅದಕ್ಕೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಯ ಬೂದಿ ಮುಂತಾದುವುಗಳಿಂದ ಮಾಡಿದ ಚಿಕ್ಕ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸವು ತಾಮ್ರಾದಿಗಳನ್ನು ತನ್ನೊಡನೆ ಕರೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ. ಉಳಿದ ಗುಂಡನ್ನು ತಗಡು ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ, ಚಿನ್ನ ಮಾತ್ರ ನಿಲ್ಲುತ್ತದೆ. ಮೊದಲಿನ ತೂಕಕ್ಕೆ ಈ ತೂಕವನ್ನು ಹೋಲಿಸಿದರೆ ಸಾವಿರಕ್ಕೆ ಎಷ್ಟು ಪಾಲೆಂಬುದು ನಿಖರವಾಗಿ ತಿಳಿಯುತ್ತದೆ. ಕ್ಷಕಿರಣದ ಯಂತ್ರಗಳು ಒಡವೆಯನ್ನು ಕತ್ತರಿಸದೆಯೇ ಕ್ಷಣದಲ್ಲಿ ಅಂಕಿ ತೋರಿಸುವ ಈ ಕಾಲದಲ್ಲಿಯೂ ಕೊನೆಯ ತೀರ್ಪು ಬೆಂಕಿಯದೇ. ಯಂತ್ರವು ಕೂಡ ಕಲ್ಲಿನಂತೆ ಮೇಲ್ಪದರವನ್ನು ಓದುವುದರಲ್ಲಿಯೇ ಸಮರ್ಥವಾದುದು.

ಮನೆಯಲ್ಲಿ ಅಯಸ್ಕಾಂತ ಹಿಡಿದು ನೋಡುವವರೂ, ನಿಂಬೆರಸ ಹಚ್ಚಿ ನೋಡುವವರೂ ಉಂಟು. ತಾಮ್ರ, ಬೆಳ್ಳಿ, ಹಿತ್ತಾಳೆಗಳು ಯಾವುವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದ್ದರಿಂದ ಅಂಟಿದರೆ ಮೋಸವೆಂದು ಹೇಳಬಹುದೇ ಹೊರತು, ಅಂಟದಿದ್ದರೆ ಚಿನ್ನವೆಂದು ಹೇಳಲಾಗದು.

ಮತ್ತೆ ಮುದ್ರೆಯ ಕಾಲ

ಕೋಲಾರದ ಗಣಿಗಳನ್ನು 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಮೇಲೆ ನಮ್ಮ ರಾಜ್ಯದ ಹೆಸರು ಜಗತ್ತಿನ ಚಿನ್ನದ ಪೇಟೆಯಲ್ಲಿ ಕೇಳಿಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದೂ ಆ ಗಣಿಗಳಿಗೇ. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಹಟ್ಟಿ ಮಾತ್ರ ಇಂದಿಗೂ ಕೆಲಸ ಮಾಡುತ್ತಿದೆ. ಇಷ್ಟು ಚಿನ್ನ ತೆಗೆದ ನಾಡಿನ ಮನೆಯೊಡತಿಗೆ ತನ್ನ ಕೊರಳಿನ ಸರದ ಮಟ್ಟ ತಿಳಿಯುವ ಮಾರ್ಗ ಮಾತ್ರ ಬಹುಕಾಲ ಇರಲಿಲ್ಲ.

1963ರ ಜನವರಿಯಲ್ಲಿ ಭಾರತ ಸರ್ಕಾರವು ಚಿನ್ನದ ಹತೋಟಿಯ ನಿಯಮಗಳನ್ನು ತಂದು, 14 ಕ್ಯಾರಟ್ಟಿಗಿಂತ ಮೇಲಿನ ಹೊಸ ಒಡವೆಗಳ ತಯಾರಿಕೆಯನ್ನು ನಿಷೇಧಿಸಿತು. ಜನರ ಚಿನ್ನದ ಆಸೆಯನ್ನು ತಗ್ಗಿಸುವುದು ಅದರ ಉದ್ದೇಶ. ತಗ್ಗಿದುದು ಅಕ್ಕಸಾಲಿಗರ ಅನ್ನ. ದೇಶಾದ್ಯಂತ ಅಸಂಖ್ಯ ಕುಟುಂಬಗಳು ಕಸುಬನ್ನು ಕಳೆದುಕೊಂಡವು. ಪ್ರಾಣ ಕಳೆದುಕೊಂಡವರೂ ಉಂಟು. ಆ ಮಿತಿಯನ್ನು ಕೆಲವೇ ವರ್ಷಗಳಲ್ಲಿ ತೆಗೆದರೂ, 1968ರ ಹತೋಟಿ ಶಾಸನ 1990ರವರೆಗೆ ಉಳಿಯಿತು. ಚಿನ್ನವನ್ನು ಕಡಿಮೆ ಮಾಡುವುದು ಬೇರೆ, ಚಿನ್ನದ ನಿಜವನ್ನು ತಿಳಿಸುವುದು ಬೇರೆ. ಸರ್ಕಾರವು ಎರಡನೆಯ ಕೆಲಸಕ್ಕೆ ಕೈಹಾಕಿದುದು 2000ದಲ್ಲಿ, ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಮುದ್ರೆಯ ಮೂಲಕ. ಮೊದಲು ಅದು ವ್ಯಾಪಾರಿಯ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2021ರ ಜೂನ್‌ನಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಗಿ, ಮುಂದೆ ಇತರ ಜಿಲ್ಲೆಗಳಿಗೂ ಹಬ್ಬಿತು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ಒಡವೆಗೂ ಆರು ಅಕ್ಷರ ಅಂಕಿಗಳ ಪ್ರತ್ಯೇಕ ಗುರುತು ಇರಬೇಕಾಯಿತು. ಬ್ಯೂರೋದ ಚಿಹ್ನೆ, 22ಕೆ916 ಎಂಬಂಥ ಮಟ್ಟದ ಸೂಚನೆ, ಈ ಆರು ಅಕ್ಷರಗಳು—ಈ ಮೂರೂ ಒಡವೆಯ ಮೇಲೆ ಇರಬೇಕು. ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಆ ಗುರುತನ್ನು ಬರೆದು ನೋಡಿದರೆ ಒಡವೆಯ ವಿವರ ತಿಳಿಯುತ್ತದೆ. ಹೇಳಿದ ಮಟ್ಟಕ್ಕಿಂತ ಚಿನ್ನ ಕಡಿಮೆಯಿದ್ದರೆ, ಕಡಿಮೆಯಾದುದರ ಎರಡು ಪಟ್ಟು ಬೆಲೆಯನ್ನೂ ಪರೀಕ್ಷೆಯ ವೆಚ್ಚವನ್ನೂ ಪಡೆಯುವ ಹಕ್ಕು ಕೊಂಡವನಿಗಿದೆ.

ಅಂದು ನಾಣ್ಯಕ್ಕೆ ಮಾತ್ರ ಇದ್ದ ಸಾಕ್ಷಿ ಇಂದು ಒಡವೆಗೂ ದೊರೆತಿದೆ. ಇದು ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ನಮ್ಮ ಸೀಮೆಯ ಮಾತು

ಹುಣಸೂರು ತಾಲ್ಲೂಕಿನಲ್ಲಿ, ನಾಗರಹೊಳೆಯ ಕಾಡಿನ ಅಂಚಿಗೆ, ವೀರನಹೊಸಹಳ್ಳಿ ಇದೆ. ಆ ಕಡೆಯ ಭಕ್ತರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಭಕ್ತರು, ದರ್ಶನಕ್ಕೆ ಬಂದಾಗ, “ಬುದ್ಧೀ, ಮಗಳ ಮದುವೆಗೆ ಒಡವೆ ಮಾಡಿಸಬೇಕು, ಆಶೀರ್ವಾದ ಮಾಡಬೇಕು” ಎಂದು ಕೇಳುವುದುಂಟು. ಮುಂದೊಂದು ವರ್ಷ ಮಳೆ ಕೈಕೊಟ್ಟಾಗ ಅಥವಾ ಹೊಗೆಸೊಪ್ಪಿನ ಬೆಲೆ ಕುಸಿದಾಗ ಅದೇ ಒಡವೆಯನ್ನು ಅಡವಿಡಲು ಹೊರಡುವವರೂ ಅವರೇ. ಸಾಲ ಕೊಡುವವರ ಪರೀಕ್ಷಕನು ಆಗ ಅದನ್ನು ಒರೆಗೆ ಹಚ್ಚುತ್ತಾನೆ. ಒಡವೆಯ ಬಾಳಿನಲ್ಲಿ ಅದೇ ಮೊದಲನೆಯ ಪರೀಕ್ಷೆ.

ವಿಪರ್ಯಾಸವಿರುವುದು ಇಲ್ಲಿಯೇ. ಸಂತೋಷದಲ್ಲಿ ಕೊಳ್ಳುತ್ತೇವೆ, ಸಂಕಟದಲ್ಲಿ ಪರೀಕ್ಷಿಸುತ್ತೇವೆ. ಕೊಳ್ಳುವ ದಿನ ಪರೀಕ್ಷೆ ಕೇಳಿದರೆ ಅಂಗಡಿಯವನಿಗೆ ಬೇಸರವಾದೀತು, ಶುಭಕಾರ್ಯದಲ್ಲಿ ಅಪಶಕುನವಾದೀತು ಎಂಬ ಸಂಕೋಚ. ಆ ಸಂಕೋಚದ ಬೆಲೆಯನ್ನು ಆಸ್ಪತ್ರೆಯ ಖರ್ಚಿಗೋ ಬಿತ್ತನೆಯ ಖರ್ಚಿಗೋ ಹಣ ಬೇಕಾದ ದಿನ ತೆರಬೇಕಾಗುತ್ತದೆ. ಆಗ ಮಾರಿದ ಅಂಗಡಿಯ ಚೀಟಿಯೂ ಇರುವುದಿಲ್ಲ, ಮರುಪ್ರಶ್ನೆ ಕೇಳುವ ಧೈರ್ಯವೂ ಉಳಿದಿರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳಿಗೆ ಈ ಮುದ್ರೆ ಕಡ್ಡಾಯವಲ್ಲ. ಮೂಗುಬೊಟ್ಟು, ಚಿಕ್ಕ ತಾಳಿ, ಒಂದೆರಡು ಗುಂಡು, ಮಗುವಿನ ಉಂಗುರ—ಬಡವರ ಮನೆಯ ಚಿನ್ನವೆಲ್ಲ ಬಹುಪಾಲು ಈ ತೂಕದ್ದೇ. ದೊಡ್ಡ ಹಾರಕ್ಕೆ ಸರ್ಕಾರದ ಸಾಕ್ಷಿಯಿದೆ. ಕೂಲಿಯವಳ ತಾಳಿಗೆ ಅಂಗಡಿಯವನ ಮಾತೇ ಸಾಕ್ಷಿ. ಆದಕಾರಣ ಒಡವೆ ಎಷ್ಟು ಚಿಕ್ಕದಾದರೂ ತೂಕ, ಕ್ಯಾರಟ್, ಮಜೂರಿಗಳನ್ನು ಬಿಡಿಬಿಡಿಯಾಗಿ ಬರೆದ ಚೀಟಿಯನ್ನು ಕೇಳಿ ಪಡೆಯಬೇಕು. ಹರಳಿನ ಮತ್ತು ಅರಗಿನ ತೂಕವನ್ನು ಚಿನ್ನದ ಲೆಕ್ಕಕ್ಕೆ ಸೇರಿಸಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಸಂಶಯವಿದ್ದರೆ ಬ್ಯೂರೋದ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಶುಲ್ಕ ಕೊಟ್ಟು ನೋಡಿಸಬೇಕು. ಹಿರಿಯರಿಂದ ಬಂದ ಹಳೆಯ ಒಡವೆಗಳನ್ನೂ ಕಷ್ಟದ ದಿನ ಬರುವ ಮೊದಲೇ ಒಮ್ಮೆ ಪರೀಕ್ಷಿಸಿ ಇಟ್ಟುಕೊಳ್ಳುವುದು ವಿವೇಕ.

ಲೊಕ್ಕಿಗುಂಡಿಯ ಗದ್ಯಾಣವೆಂದು ಕಲ್ಲಿನಲ್ಲಿ ಬರೆಯಿಸಿದ ನಮ್ಮ ಹಿರಿಯರು ಯಾರನ್ನೂ ಅವಮಾನಿಸಲಿಲ್ಲ. ತಮ್ಮ ಮಕ್ಕಳು ಮೋಸ ಹೋಗದಂತೆ ನೋಡಿಕೊಂಡರು. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬ್ಯಾಂಕುಗಳಲ್ಲಿ, ಸಹಕಾರ ಸಂಘಗಳಲ್ಲಿ, ಶಾಲೆಗಳಲ್ಲಿ ಕೆಲಸದಲ್ಲಿದ್ದಾರೆ. ಅವರು ತಮ್ಮ ತಮ್ಮ ಊರಿನ ತಾಯಂದಿರಿಗೆ ಆ ಮೂರು ಗುರುತುಗಳನ್ನು ಓದುವುದನ್ನು ಕಲಿಸಿದರೆ, ಒರೆಗಲ್ಲು ಮೊದಲ ಬಾರಿಗೆ ಕೊಳ್ಳುವವರ ಕೈಗೆ ಬಂದಂತಾಗುತ್ತದೆ.